ಎಣ್ಣೆ ಸೋರುವ ಕಾರು: ಒಂದು ಪ್ರಶ್ನೆಯ ಚರಿತ್ರೆ

ಪುಣೆಯ ಪೂರ್ವಕ್ಕೆ, ಮುಳಾ-ಮುಠಾ ನದಿಯ ದಂಡೆಯ ಮೇಲಿರುವ ಖರಾಡಿ ಒಂದು ಕಾಲಕ್ಕೆ ನಗರ ರಸ್ತೆಯ ಪಕ್ಕದ ಹಳ್ಳಿ. ಇವತ್ತು ಅಲ್ಲಿ ಈಯಾನ್ ಐಟಿ ಪಾರ್ಕ್, ವರ್ಲ್ಡ್ ಟ್ರೇಡ್ ಸೆಂಟರ್, ಅವುಗಳ ಸುತ್ತ ಎತ್ತರದ ಅಪಾರ್ಟ್‌ಮೆಂಟುಗಳು. ಕರ್ನಾಟಕದಿಂದ ಕೆಲಸಕ್ಕೆ ಬಂದವರಲ್ಲಿ ಕೆಲವರು ಊರಿನ ಕಾರನ್ನೂ ಜೊತೆಗೇ ತರುತ್ತಾರೆ. ಕೆಎ 22 ಬೆಳಗಾವಿಯದು, ಕೆಎ 25 ಧಾರವಾಡದ್ದು, ಕೆಎ 28 ವಿಜಯಪುರದ್ದು. ಅಂಥ ಹತ್ತು-ಹದಿಮೂರು ವರ್ಷದ ಕಾರಿನ ಅಡಿಯಲ್ಲಿ ಒಂದು ದಿನ ಅಂಗೈಯಗಲದ ಕಪ್ಪು ಕಲೆ ಕಂಡರೆ ಮನೆಯಲ್ಲಿ ಮಾತು ಶುರುವಾಗುತ್ತದೆ: ರಿಪೇರಿ ಮಾಡಿಸುವುದೋ, ಇದನ್ನು ಕೊಟ್ಟು ಬೇರೆ ತರುವುದೋ?

ಈ ಪ್ರಶ್ನೆ ಕಾರಿನಷ್ಟೇ ಹಳೆಯದು ಎಂದು ತೋರಬಹುದು. ಆದರೆ ಭಾರತದಲ್ಲಿ ಅದು ನಿಜವಾದ ಪ್ರಶ್ನೆಯಾಗಿ ಸುಮಾರು ನಲವತ್ತು ವರ್ಷವಷ್ಟೇ ಆಯಿತು. ಅದಕ್ಕೂ ಮೊದಲು ಉತ್ತರ ಒಂದೇ ಇತ್ತು. ರಿಪೇರಿ.

1951ರಲ್ಲಿ ಕೈಗಾರಿಕೆಗಳ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆ ಬಂತು. ಯಾರು ಏನನ್ನು ಎಷ್ಟು ತಯಾರಿಸಬೇಕು ಎನ್ನುವುದು ಲೈಸೆನ್ಸಿನ ಮಾತಾಯಿತು. ಬಿಡಿಭಾಗಗಳನ್ನು ತರಿಸಿ ಬರೀ ಜೋಡಿಸುವ ಕಂಪನಿಗಳಿಗೆ ಇನ್ನು ಜಾಗವಿಲ್ಲ, ಇಲ್ಲಿಯೇ ತಯಾರಿಸುವವರು ಮಾತ್ರ ಇರಲಿ ಎಂದು 1953ರಲ್ಲಿ ಸುಂಕ ಆಯೋಗ ಹೇಳಿತು. 1928ರಿಂದ ಮುಂಬೈಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ 1954ರಲ್ಲಿ ಬಾಗಿಲು ಮುಚ್ಚಿತು. ಉಳಿದ ಮುಖ್ಯ ಹೆಸರುಗಳು ಮೂರು: ಅಂಬಾಸಡರ್ ತಯಾರಿಸಿದ ಹಿಂದೂಸ್ತಾನ್ ಮೋಟಾರ್ಸ್, ವಾಲಚಂದ್ ಹೀರಾಚಂದ್ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್, ಮದ್ರಾಸಿನ ಸ್ಟ್ಯಾಂಡರ್ಡ್. 1980ರ ಆಸುಪಾಸಿನಲ್ಲೂ ಇಡೀ ದೇಶದಲ್ಲಿ ವರ್ಷಕ್ಕೆ 50,000 ಕಾರು ತಯಾರಾಗುತ್ತಿರಲಿಲ್ಲ. ಹಣ ಕಟ್ಟಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹಳೆಯ ಕಾರನ್ನು ಬದಲಿಸುವ ಮಾತೇ ಏಳದಿರಲು ಕಾರಣ ಮಿತವ್ಯಯವಲ್ಲ. ಬದಲಿಗೆ ಕಾರೇ ಇರಲಿಲ್ಲ.

ಆ ಕಾಲದ ಎಂಜಿನ್ನಿಗೆ ಎಣ್ಣೆ ಸೋರುವುದು ರೋಗವೂ ಆಗಿರಲಿಲ್ಲ. ಅಂಬಾಸಡರಿನೊಳಗೆ ದಶಕಗಳ ಕಾಲ ಓಡಿದ್ದು 1489 ಸಿಸಿಯ ಬ್ರಿಟಿಷ್ ಬಿ-ಸೀರೀಸ್ ಎಂಜಿನ್. ಅದರ ಕ್ರ್ಯಾಂಕ್ ಶಾಫ್ಟಿನ ಹಿಂತುದಿಯಲ್ಲಿ ಇವತ್ತಿನಂಥ ರಬ್ಬರ್ ಸೀಲ್ ಇರಲಿಲ್ಲ. ಶಾಫ್ಟಿನ ಮೇಲೆ ಸ್ಕ್ರೂವಿನಂತೆ ಕೊರೆದ ಗೆರೆಗಳಿದ್ದವು. ಶಾಫ್ಟು ತಿರುಗುವಾಗ ಆ ಗೆರೆಗಳು ಎಣ್ಣೆಯನ್ನು ಒಳಕ್ಕೆ ತಳ್ಳುತ್ತಿದ್ದವು. ಬೇರಿಂಗ್ ಸವೆದು ಸಂದು ಹೆಚ್ಚಿದಂತೆ ಎಣ್ಣೆ ಹೊರದಾರಿ ಹುಡುಕುತ್ತಿತ್ತು. ಹೀಗಾಗಿ ಕಾರು ನಿಲ್ಲಿಸುವ ಜಾಗದಲ್ಲಿ ತಗಡಿನ ತಟ್ಟೆ ಇಡುವುದು, ಡಿಕ್ಕಿಯಲ್ಲಿ ಒಂದು ಡಬ್ಬಿ ಎಣ್ಣೆ ಇಟ್ಟುಕೊಳ್ಳುವುದು ಮಾಮೂಲಿ.

ಈ ಕೊರತೆಯಿಂದ ಒಂದು ವಿದ್ಯೆಯೇ ಬೆಳೆಯಿತು. ಪ್ಯಾಕಿಂಗ್ ಸಿಗದಿದ್ದರೆ ಮೇಸ್ತ್ರಿ ಕಾರ್ಕಿನ ಹಾಳೆಯನ್ನು ಎಂಜಿನ್ನಿನ ಅಂಚಿಗಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಅದೇ ಆಕಾರಕ್ಕೆ ಕತ್ತರಿಸುತ್ತಿದ್ದ. ಬೆಂಗಳೂರಿನ ಜೆ.ಸಿ. ರೋಡ್, ಪುಣೆಯ ನಾನಾ ಪೇಟೆ ಬಿಡಿಭಾಗಗಳ ಬೀದಿಗಳಾಗಿ ಹೆಸರಾದವು. ಲೆಕ್ಕ ಸರಳವಾಗಿತ್ತು: ಭಾಗ ದುಬಾರಿ, ಕೈಕೆಲಸ ಅಗ್ಗ. ಒಂದು ಭಾಗ ಉಳಿಸಲು ಎರಡು ದಿನ ದುಡಿದರೂ ಲಾಭವೇ.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಯನ್ನು ಇಂದಿರಾ ಗಾಂಧಿ ಕೊಟ್ಟರು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ಬಿಚ್ಚಿತು. 1998ರ ಕೊನೆಗೆ ಪುಣೆಯಲ್ಲೇ ತಯಾರಾದ ಟಾಟಾ ಇಂಡಿಕಾ ಮಾರುಕಟ್ಟೆಗೆ ಬಂತು. ಕಾರು ಕಾಯದೆ ಸಿಗತೊಡಗಿತು, ಸಾಲವೂ ಸಿಗತೊಡಗಿತು. ಹಳೆಯ ಕಾರಿನ ಬೆಲೆ ವರ್ಷವರ್ಷ ಇಳಿಯುವ ಹೊಸ ಅನುಭವ ಮನೆಗಳಿಗೆ ಆಯಿತು. ರಿಪೇರಿಯ ಬಿಲ್ಲನ್ನು ಕಾರಿನ ಬೆಲೆಯೊಂದಿಗೆ ತೂಗುವ ಅಭ್ಯಾಸ ಅಲ್ಲಿಂದ ಮುಂದಿನದು.

ಸೋರಿಕೆಯ ಸ್ವರೂಪವೂ ಬದಲಾಗಿತ್ತು. ಜರ್ಮನಿಯ ಫ್ರಾಯ್ಡನ್‌ಬರ್ಗ್ ಕಂಪನಿಯಲ್ಲಿ ವಾಲ್ಟರ್ ಸಿಮ್ಮರ್ 1929ರ ಹೊತ್ತಿಗೆ ತಿರುಗುವ ಶಾಫ್ಟಿಗೆ ಚರ್ಮದ ಸೀಲೊಂದನ್ನು ರೂಪಿಸಿದ್ದ. ಮುಂದೆ ಚರ್ಮದ ಜಾಗಕ್ಕೆ ಎಣ್ಣೆಗೆ ಜಗ್ಗದ ರಬ್ಬರ್ ಬಂತು. ಇಂಥ ಸೀಲುಗಳು ಬಂದ ಮೇಲೆ ಎಂಜಿನ್ನು ವರ್ಷಗಟ್ಟಲೆ ಒಣಗಿಯೇ ಇರುತ್ತದೆ. ಅದರಿಂದಲೇ ಇವತ್ತು ನೆಲದ ಮೇಲಿನ ಒಂದು ಕಲೆ ಗಾಬರಿ ಹುಟ್ಟಿಸುತ್ತದೆ. ಲೆಕ್ಕವೂ ತಿರುಗಿದೆ: ಸೀಲ್ ಅಗ್ಗ, ಕೈಕೆಲಸ ದುಬಾರಿ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಕೆಲವು ಬೋಲ್ಟು ಬಿಚ್ಚಿದರೆ ಕೈಗೆ ಸಿಗುತ್ತದೆ. ಅಷ್ಟೇ ಸಣ್ಣದಾದ ಹಿಂಬದಿಯ ಕ್ರ್ಯಾಂಕ್ ಸೀಲ್ ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕು.

ಇಷ್ಟರಲ್ಲಿ ಮೂರನೆಯವರೊಬ್ಬರು ಈ ತೀರ್ಮಾನಕ್ಕೆ ಕೈಹಾಕಿದರು: ಸರ್ಕಾರ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಸ್ಸು. ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಈ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಮುಂಬೈಯಲ್ಲಿ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಇತ್ತು. 2003ರ ಅಕ್ಟೋಬರ್ 29ರಂದು ನೋಂದಣಿಯಾದ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನ ಕೊನೆಗೆ ರಸ್ತೆಯಿಂದ ಇಳಿಯಿತು. ಅದರ ಎಂಜಿನ್ ಹೇಗಿದೆ ಎಂದು ಯಾರೂ ಕೇಳಬೇಕಿರಲಿಲ್ಲ. ತಾರೀಕು ಸಾಕಿತ್ತು.

ಖರಾಡಿಯ ಕೆಎ ಕಾರಿಗೆ ಇನ್ನೊಂದು ಗಂಟಿದೆ. ಅದೇ ಕಾಯ್ದೆಯ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡ ವಾಹನಕ್ಕೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ಊರಿನ ಆರ್‌ಟಿಒದಿಂದ ಆಕ್ಷೇಪವಿಲ್ಲವೆಂಬ ಪತ್ರ, ಇಲ್ಲಿಯ ತೆರಿಗೆ, 15 ದಾಟಿದರೆ ಮಹಾರಾಷ್ಟ್ರದ ಪರಿಸರ ತೆರಿಗೆ, ಹೀಗೆ ಖರ್ಚು ಬೆಳೆಯುತ್ತದೆ. ಎಷ್ಟೋ ಸಲ ಕಾರನ್ನು ಮಾರುವಂತೆ ಮಾಡುವುದು ಎಣ್ಣೆಯಲ್ಲ, ಈ ಕಾಗದಗಳು.

ಆದರೆ ಎರಡನ್ನೂ ಒಂದೇ ಖಾತೆಗೆ ಬರೆದರೆ ಲೆಕ್ಕ ತಪ್ಪುತ್ತದೆ. ಸೋರುವುದರಿಂದಲೇ ಎಂಜಿನ್ ಕೆಡುವುದಿಲ್ಲ. ಸೋರಿ ಎಣ್ಣೆ ಕಡಿಮೆಯಾದದ್ದು ಗೊತ್ತಾಗದೆ ಓಡಿಸಿದರೆ ಕೆಡುತ್ತದೆ. ಹಳೆಯ ಮೇಸ್ತ್ರಿಗಳ ಕ್ರಮ ಇಲ್ಲಿ ಇನ್ನೂ ಹಳತಾಗಿಲ್ಲ: ಮೊದಲು ಎಂಜಿನ್ ಒರೆಸಿ ಸ್ವಚ್ಛ ಮಾಡು, ಓಡಿಸು, ಎಣ್ಣೆ ಮೊದಲು ಒಸರುವ ಜಾಗ ಹುಡುಕು. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಗಾಳಿಗೆ ಹಿಂದಕ್ಕೆ ಹರಡುತ್ತದೆ. ನೆಲದ ಕಲೆಯ ನೇರ ಮೇಲೆಯೇ ತೂತು ಇರಬೇಕಿಲ್ಲ. ಎಂಜಿನ್ನಿನ ಒಳಗಾಳಿ ಹೊರಹೋಗುವ ಕೊಳವೆ ಕಟ್ಟಿಕೊಂಡರೂ ಒತ್ತಡ ಏರಿ ಒಳ್ಳೆಯ ಸೀಲೂ ಸೋರುತ್ತದೆ.

ಹದಿಮೂರು ವರ್ಷದ ಕಾರಿನಲ್ಲಿ ಟ್ಯಾಪೆಟ್ ಕವರ್ ಮಾತ್ರ ಒಸರುತ್ತಿದ್ದರೆ ಅದು ಕಾರು ಮಾರಲು ಕಾರಣವೇ ಅಲ್ಲ. ಹಿಂಬದಿಯ ಸೀಲ್ ಹೋಗಿದ್ದು ಕ್ಲಚ್ಚೂ ಸವೆದಿದ್ದರೆ ಒಮ್ಮೆ ಗೇರ್‌ಬಾಕ್ಸ್ ಇಳಿಸಿ ಎರಡನ್ನೂ ಮುಗಿಸಬಹುದು. ಸೋರಿಕೆಯ ಜೊತೆಗೆ ಸೈಲೆನ್ಸರಿನಿಂದ ನೀಲಿ ಹೊಗೆಯೂ ಬಂದರೆ ಸವೆದದ್ದು ಎಂಜಿನ್ನೇ. ನೋಂದಣಿಯ ಆಯುಸ್ಸೂ ಮುಗಿಯುತ್ತ ಬಂದಿದ್ದರೆ ಆಗ ಬಿಟ್ಟುಕೊಡುವುದೇ ಲೇಸು. 1970ರಲ್ಲಿ ಅಂಬಾಸಡರ್ ಇಟ್ಟುಕೊಂಡಿದ್ದವರಿಗೆ ಈ ಆಯ್ಕೆ ಇರಲಿಲ್ಲ. ಖರಾಡಿಯವರಿಗೆ ಇದೆ. ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ನೋಡಿಸುವ ಮೊದಲೇ ಅದನ್ನು ಬಳಸಬೇಕಾಗಿಲ್ಲ.