ಜವಾಬ್ದಾರಿ

ಅರಬ್ಬಿಯ ‘ಜವಾಬ್’ ಎಂದರೆ ಉತ್ತರ, ಪಾರಸಿಯ ‘ದಾರ್’ ಎಂದರೆ ಉಳ್ಳವ. ಕೇಳಿದರೆ ಉತ್ತರ ಹೇಳಬೇಕಾದವನೇ ಜವಾಬ್ದಾರ. ‘ಉತ್ತರದಾಯಿತ್ವ’ ಅದೇ ಅರ್ಥದ ಸಂಸ್ಕೃತ ವೇಷ. ಆದರೆ ಆ ಪದ ಕಡತ ಬಿಟ್ಟು ಕೆಳಗಿಳಿದಿಲ್ಲ. ಹಳಗನ್ನಡದ ‘ಪೊಣೆ’, ಇಂದಿನ ‘ಹೊಣೆ’, ಇನ್ನೂ ಬಿಗಿ: ಯಾರದೋ ಸಾಲಪತ್ರಕ್ಕೆ ಜಾಮೀನು ಸಹಿ ಹಾಕಿದವನಿಗೆ ಅದರ ತೂಕ ಗೊತ್ತು.

1980ರ ದಶಕದಲ್ಲಿ ಹರಿಹರದ ಆಚೆ ದಡದ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯ ತುಂಗಭದ್ರೆ ಸೇರಿ ಮೀನುಗಳು ಸತ್ತಾಗ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಕೇಳಿದ್ದು ಜವಾಬನ್ನೇ. 2013ರ ಕಂಪನಿ ಕಾಯ್ದೆಯ ‘ಸಾಮಾಜಿಕ ಜವಾಬ್ದಾರಿ’ಯಾದರೋ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ವ್ಯಯಿಸಬೇಕೆನ್ನುತ್ತದೆ. ಅಲ್ಲಿ ದಾನದ ವಾಸನೆಯೇ ಹೆಚ್ಚು. ಜನರ ಬಾಯಲ್ಲಿ ಮಾತ್ರ ಇಂದಿಗೂ ಹಳೆಯ ಪ್ರಶ್ನೆಯೇ: ‘ಇದಕ್ಕೆ ಯಾರ್ರೀ ಜವಾಬ್ದಾರಿ?’