ಹೇಸದ ಕೈ: ಮುಳಗುಂದದ ಹಳೇ ಕಥೆ ಮತ್ತು ಹಾಸಿಗೆ ಹಿಡಿದ ಹಿರಿಯರು

ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ ಮೊದಲೇ ಹೇಳಿಬಿಡ್ತೀನಿ, ಇವತ್ತಿನ ಕಂತಿನಲ್ಲಿ ಮಲ, ಮೂತ್ರ, ವಾಂತಿ ಎಲ್ಲ ಬರುತ್ತೆ. ಊಟ ಮಾಡ್ತಿದ್ದರೆ ಪಾಸ್ ಮಾಡಿ, ಆಮೇಲೆ ಕೇಳಿ. ವಿಷಯ ಹಿರಿಯರ ಶುಶ್ರೂಷೆ. ಅದರ ಇತಿಹಾಸ ಹೇಳೋರು ಸಾಮಾನ್ಯವಾಗಿ ಲಂಡನ್‌ನಿಂದ ಶುರು ಮಾಡ್ತಾರೆ. ನಾನು ಮುಳಗುಂದದಿಂದ ಶುರು ಮಾಡ್ತೀನಿ.

ಗದಗದಿಂದ ಲಕ್ಷ್ಮೇಶ್ವರದ ಕಡೆ ಹೊರಟರೆ ದಾರಿಯಲ್ಲಿ ಸಿಗೋ ಊರು ಅದು. 1112ರಲ್ಲಿ ಅಲ್ಲಿ ನಯಸೇನ ಅನ್ನೋ ಜೈನ ಕವಿ 'ಧರ್ಮಾಮೃತ' ಬರೆದ. ಕನ್ನಡಕ್ಕೆ ಸಂಸ್ಕೃತ ಬೆರೆಸೋದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಅಂತ ಆಕ್ಷೇಪ ಎತ್ತಿದವನು ಇವನೇ. (ಇಂಗ್ಲಿಷ್ ಬೆರೆಸೋ ನನ್ನ ಪಾಡ್‌ಕಾಸ್ಟ್ ಕೇಳಿದ್ದರೆ ಏನಂತಿದ್ದನೋ!) ಪುಸ್ತಕದಲ್ಲಿ 14 ಆಶ್ವಾಸ. ಸಮ್ಯಗ್ದರ್ಶನ, ಅದರ ಎಂಟು ಅಂಗಗಳು, ಐದು ಅಣುವ್ರತಗಳು, ಒಂದೊಂದಕ್ಕೂ ಒಂದೊಂದು ಕಥೆ. ಆ ಎಂಟು ಅಂಗಗಳಲ್ಲಿ ಒಂದರ ಹೆಸರು ನಿರ್ವಿಚಿಕಿತ್ಸೆ. ಚಿಕಿತ್ಸೆ ಬೇಡ ಅನ್ನೋ ಅರ್ಥ ಅಲ್ಲ. ವಿಚಿಕಿತ್ಸೆ ಅಂದರೆ ಹೇಸಿಗೆ, ಅದು ಇಲ್ಲದಿರೋದು ನಿರ್ವಿಚಿಕಿತ್ಸೆ.

ಜೈನ ಪರಂಪರೆಯಲ್ಲಿ ಇದಕ್ಕೆ ಹೇಳೋ ಕಥೆ ಉದ್ದಾಯನ ರಾಜನದು. ಮೈಯೆಲ್ಲ ರೋಗ ಹಿಡಿದ, ದುರ್ಗಂಧ ಬೀರೋ ಮುನಿಯೊಬ್ಬ ಊಟಕ್ಕೆ ಬರ್ತಾನೆ. ಕೊಟ್ಟದ್ದನ್ನೆಲ್ಲ ತಿಂದು ಅಲ್ಲೇ ವಾಂತಿ ಮಾಡ್ತಾನೆ. ಪರಿಚಾರಕರು ವಾಸನೆ ತಡೆಯಲಾರದೆ ಓಡಿಹೋಗ್ತಾರೆ. ರಾಜ ಮತ್ತು ರಾಣಿ ಪ್ರಭಾವತಿ ಮಾತ್ರ ಉಳೀತಾರೆ. ಮುನಿ ಅವರ ಮೇಲೂ ವಾಂತಿ ಮಾಡ್ತಾನೆ. ಆಗ ರಾಜ, ಅಯ್ಯೋ, ಇವರಿಗೆ ಒಗ್ಗದ ಊಟ ಕೊಟ್ಟೆನಲ್ಲ ಅಂತ ತನ್ನನ್ನೇ ಬೈದುಕೊಂಡು ಅವನ ಮೈ ತೊಳೀತಾನೆ. ಮುನಿ ನಿಜಕ್ಕೂ ಪರೀಕ್ಷೆಗೆ ಬಂದ ದೇವತೆ ಅನ್ನೋದು ಕೊನೆಗೆ ಗೊತ್ತಾಗುತ್ತೆ. ಆ ಭಾಗ ನನಗೆ ಅಷ್ಟು ಮುಖ್ಯ ಅಲ್ಲ. ಮುಖ್ಯವಾದದ್ದು ರಾಜನ ಪ್ರಶ್ನೆ. ಯಾಕೆ ಹೀಗೆ ಮಾಡಿದೆ ಅಂತ ರೋಗಿಯನ್ನು ಕೇಳಲಿಲ್ಲ, ಇದು ಯಾಕಾಯ್ತು ಅಂತ ಕೇಳಿದ.

ಇವತ್ತಿನ ನರ್ಸಿಂಗ್ ಪಾಠದಲ್ಲೂ ಮೊದಲ ಪ್ರಶ್ನೆ ಅದೇ. ಅಜ್ಜ ಹಾಸಿಗೆಯಲ್ಲೇ ಮೂತ್ರ ಮಾಡ್ಕೊಂಡರೆ "ವಯಸ್ಸಾಯ್ತಲ್ರಿ" ಅಂತ ಬಿಟ್ಟುಬಿಡ್ತೀವಿ. ಆದರೆ ಮೂತ್ರದ ಸೋಂಕು ಇರಬಹುದು, ಮಲಬದ್ಧತೆ ಇರಬಹುದು, ಹೊಸದಾಗಿ ಶುರುವಾದ ಮಾತ್ರೆ ಇರಬಹುದು. ಹಿತ್ತಲಿನ ಪಾಯಿಖಾನೆಗೆ ಕತ್ತಲಲ್ಲಿ ನಡೆಯೋಕೆ ಆಗದೇನೂ ಇರಬಹುದು. ಇದರಲ್ಲಿ ಬಹಳಷ್ಟು ಸರಿಮಾಡಬಹುದಾದದ್ದು. ನೀರು ಕುಡಿಸೋದನ್ನೇ ಕಡಿಮೆ ಮಾಡೋ ಮನೆಗಳುಂಟು. ಅದರಿಂದ ಸೋಂಕೂ ಮಲಬದ್ಧತೆಯೂ ಹೆಚ್ಚಾಗೋ ಸಾಧ್ಯತೆಯೇ ಜಾಸ್ತಿ.

ಇನ್ನೂ ಹಳೆಯ ಒಂದು ಪುಸ್ತಕ ಇದೆ, ಶಿವಾರ್ಯನ 'ಭಗವತೀ ಆರಾಧನಾ', ಪ್ರಾಕೃತದ್ದು. ನಮ್ಮ 'ವಡ್ಡಾರಾಧನೆ'ಯ 19 ಕಥೆಗಳು ಹುಟ್ಟಿದ್ದು ಅದರ ಗಾಹೆಗಳಿಂದ. ಸಲ್ಲೇಖನ ಹಿಡಿದ ಮುನಿಯ ಸೇವೆಗೆ 48 ಜನ ಬೇಕು ಅಂತ ಅದು ಹೇಳುತ್ತೆ. ಸಲ್ಲೇಖನ ಸರಿಯೋ ತಪ್ಪೋ ಅನ್ನೋ ಚರ್ಚೆ ಇಲ್ಲಿ ಬೇಡ, ಡ್ಯೂಟಿ ಪಟ್ಟಿ ಮಾತ್ರ ನೋಡೋಣ. ಎಬ್ಬಿಸಿ ಕೂರಿಸೋಕೆ, ಮಗ್ಗಲು ಬದಲಿಸೋಕೆ ನಾಲ್ಕು ಜನ. ಧರ್ಮದ ಮಾತು ಹೇಳೋಕೆ ನಾಲ್ಕು ಜನ. ಊಟಕ್ಕೆ ನಾಲ್ಕು, ಪಾನಕ್ಕೆ ನಾಲ್ಕು, ಮಲಮೂತ್ರ ತೆಗೆಯೋಕೆ ನಾಲ್ಕು. ಅಷ್ಟು ಜನ ಸಿಗದಿದ್ದರೆ ಕಡಿಮೆ ಮಾಡಬಹುದು, ಆದರೆ ಇಬ್ಬರಿಗಿಂತ ಕಡಿಮೆ ಕೂಡದು. ಒಬ್ಬನೇ ಆದರೆ ತನ್ನ ಊಟ ನಿದ್ದೆಗೆ ಹೋದಾಗ ರೋಗಿ ಅನಾಥ, ಹೋಗದಿದ್ದರೆ ಇವನೇ ಹಾಳು. ಇಂಥ ಸೇವೆಗೆ ಜೈನರ ಹೆಸರು ವೈಯಾವೃತ್ಯ. ಅವರಲ್ಲಿ ಅದು ಒಂದು ತಪಸ್ಸು. ಲಕ್ಷ್ಮೇಶ್ವರದ, ಅಂದರೆ ಹಳೇ ಪುಲಿಗೆರೆಯ, ಶಂಖ ಬಸದಿಯಂಥ ಕಡೆ ಈ ಪದ ಅಪರಿಚಿತವಾಗಿರಲಿಕ್ಕಿಲ್ಲ.

ಈಗ ಲಂಡನ್‌ಗೆ ಹೋಗೋಣ. 1935ರಲ್ಲಿ ಮಾರ್ಜರಿ ವಾರೆನ್ ಅನ್ನೋ ವೈದ್ಯೆಗೆ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಬಡ ಮುದುಕರ ವಾರ್ಡುಗಳು ಸಿಕ್ಕವು. ಗುಣವಾಗದವರು ಅಂತ ವರ್ಷಗಟ್ಟಲೆ ಮಲಗಿಸಿಟ್ಟವರನ್ನು ಪರೀಕ್ಷಿಸಿ, ಎಬ್ಬಿಸಿ, ನಡೆಸಿ, ಎಷ್ಟೋ ಜನರನ್ನು ಮನೆಗೆ ಕಳಿಸಿದಳು. ನಂತರ ನರ್ಸ್ ಡೋರೀನ್ ನಾರ್ಟನ್ ಬಂದಳು. 1962ರ ಅವಳ ತಂಡದ ಅಧ್ಯಯನ ಹಾಸಿಗೆ ಹುಣ್ಣಿನ ಬಗ್ಗೆ ಒಂದು ಸರಳ ಮಾತು ಹೇಳಿತು: ಚರ್ಮಕ್ಕೆ ಏನು ಹಚ್ಚಿದಿರಿ ಅನ್ನೋದು ಹೆಚ್ಚು ಲೆಕ್ಕಕ್ಕೆ ಬರಲ್ಲ, ಒತ್ತಡ ತೆಗೆದಿರಾ ಅನ್ನೋದು ಲೆಕ್ಕಕ್ಕೆ ಬರುತ್ತೆ. ದೇಹಸ್ಥಿತಿ, ಮನಸ್ಥಿತಿ, ಓಡಾಟ, ಅಲುಗಾಟ, ಮಲಮೂತ್ರದ ಹಿಡಿತ, ಈ ಐದಕ್ಕೂ 1ರಿಂದ 4 ಅಂಕ. ಒಟ್ಟು 14 ಅಥವಾ ಕಡಿಮೆ ಬಂದರೆ ಹುಣ್ಣಾಗೋ ಅಪಾಯ ಇದೆ ಅಂತ. ಪೌಡರ್ ಹಚ್ಚಿ ಸುಮ್ಮನಾಗೋ ಮನೆಯವರು ಈ ಲೆಕ್ಕ ಒಮ್ಮೆ ಹಾಕಿ ನೋಡಬೇಕು.

ನಮ್ಮ ಕಡೆಗೂ ಆಸ್ಪತ್ರೆ ಬಂದಿದೆ. ಬೆಟಗೇರಿಗೆ ಬಾಸೆಲ್ ಮಿಶನ್‌ನವರು ಬಂದದ್ದು 1841ರಲ್ಲಿ, ಜನ ಈಗಲೂ 'ಜರ್ಮನ್ ಆಸ್ಪತ್ರೆ' ಅನ್ನೋದು ಅವರು ಆಮೇಲೆ ಕಟ್ಟಿದ್ದು. ಈಗ ಗದಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಆದರೆ ಹಾಸಿಗೆ ಹಿಡಿದವರು ಹೆಚ್ಚಿನ ದಿನ ಇರೋದು ಮನೆಯಲ್ಲೇ. 2007ರ ಹಿರಿಯ ನಾಗರಿಕರ ಕಾಯ್ದೆ ಮಕ್ಕಳಿಂದ ಅನ್ನ, ಬಟ್ಟೆ, ವಸತಿ, ಚಿಕಿತ್ಸೆ ಕೊಡಿಸುತ್ತೆ, ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ. ಮಗ್ಗಲು ಬದಲಿಸೋ ಕೈ ಎಲ್ಲಿಂದ ತರೋದು ಅಂತ ಹೇಳಲ್ಲ. ಶಿರಹಟ್ಟಿ, ಮುಂಡರಗಿ ಕಡೆ ಮಕ್ಕಳು ದುಡಿಯೋಕೆ ಗೋವಾ, ಬೆಂಗಳೂರು ಅಂತ ಹೋದ ಮನೆಗಳಲ್ಲಿ ಎಪ್ಪತ್ತರ ಅಜ್ಜನನ್ನು ಎತ್ತೋದು ಅರವತ್ತೈದರ ಅಜ್ಜಿ. ಮಕ್ಕಳು ಜೊತೆಗಿದ್ದರೆ ಆ ಕೆಲಸ ಸೊಸೆಯದು. ಗಂಡುಮಕ್ಕಳು ಔಷಧ ತಂದು ಕೊಟ್ಟು ಹೊರಗಿನ ಕಟ್ಟೆಗೆ ಹೋಗಿ ಕೂತ್ಕೋತಾರೆ.

ಇದನ್ನು ಕೇಳ್ತಿರೋ ಹುಡುಗರಿಗೆ ನೆನಪಿರಲಿ, ಕಥೆಯಲ್ಲಿ ರಾಣಿ ಒಬ್ಬಳೇ ತೊಳೀಲಿಲ್ಲ. ಏನು ಮಾಡಬೇಕು ಅಂತ ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ, ಉಚಿತ.