ಹವ್ಯಾಸ ಅವನದು, ರಾತ್ರಿ ಪಾಳಿ ಅವಳದು

ನಮ್ಮ ದೊಡ್ಡಪ್ಪ ಹಾರ್ಮೋನಿಯಂ ಮೇಷ್ಟ್ರು. ತಿಪಟೂರು ಸೀಮೆಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಊರಿನವರು ಸೇರಿ 'ಕುರುಕ್ಷೇತ್ರ' ನಾಟಕ ಆಡಬೇಕು ಅಂತ ಹೊರಟರೆ, ಎರಡು ಮೂರು ತಿಂಗಳು ದಿನಾ ಸಂಜೆ ಬಂದು, ತೆಂಗಿನಕಾಯಿ ಸುಲಿಯುವ ಭೀಮನಿಗೂ ಕಿರಾಣಿ ಅಂಗಡಿಯ ದುರ್ಯೋಧನನಿಗೂ ಕಂದಪದ್ಯ ಹೇಳಿಕೊಟ್ಟು, ನಾಟಕದ ದಿನ ಬೆಳಗಾಗುವವರೆಗೂ ರಂಗದ ಮುಂದೆ ಕೂತು ಪೆಟ್ಟಿಗೆ ನುಡಿಸುವವರೇ ಹಾರ್ಮೋನಿಯಂ ಮೇಷ್ಟ್ರು. ನಾಟಕ ಇಲ್ಲದ ದಿನಗಳಲ್ಲಿ ದೊಡ್ಡಪ್ಪನಿಗೆ ಇದ್ದ ಹುಚ್ಚು ರೇಡಿಯೋ ರಿಪೇರಿ. ದುಡ್ಡಿಗಲ್ಲ, ಬರೀ ಹುಚ್ಚಿಗೆ. ಸುತ್ತಲ ಹಳ್ಳಿಗಳ ಕೆಟ್ಟ ರೇಡಿಯೋಗಳೆಲ್ಲ ನಮ್ಮ ಜಗಲಿ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುತ್ತಿದ್ದವು. ರಾತ್ರಿ ಕರೆಂಟು ಹೋದರೆ ದೊಡ್ಡಮ್ಮ ಬ್ಯಾಟರಿ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲಬೇಕಿತ್ತು. 'ಸ್ವಲ್ಪ ಎಡಕ್ಕೆ, ಇನ್ನೂ ಎಡಕ್ಕೆ' ಅಂತ ದೊಡ್ಡಪ್ಪ ಬಗ್ಗಿಕೊಂಡೇ ಹೇಳೋರು. ಆಕೆ ಎಷ್ಟು ಹೊತ್ತು ನಿಲ್ಲುತ್ತಿದ್ದರು ಅಂತ ನಾವ್ಯಾರೂ ಲೆಕ್ಕ ಇಡಲಿಲ್ಲ.

ಸಂಗೀತಗಾರರಿಗೆ ಸಂಗೀತದಾಚೆ ಇಂಥದೊಂದು ಗೀಳು ಇರುವುದು ಹೊಸದೇನಲ್ಲ. ರಷ್ಯದ ಪ್ರೊಕೊಫಿಯೆವ್‌ಗೆ ಚೆಸ್ ಹುಚ್ಚು. 1914ರಲ್ಲಿ ಕ್ಯಾಪಾಬ್ಲಾಂಕಾ ಏಕಕಾಲಕ್ಕೆ ಹಲವರೊಡನೆ ಆಡುತ್ತಿದ್ದಾಗ ಅವನನ್ನೇ ಒಂದು ಆಟದಲ್ಲಿ ಸೋಲಿಸಿದವನು. ಬೊಹೆಮಿಯಾದ ದ್ವೋರ್ಜಾಕ್‌ಗೆ ರೈಲು ಎಂಜಿನ್ ನೋಡುವುದೇ ಒಂದು ಸುಖ. ನಮ್ಮ ಗದಗದ ಭೀಮಸೇನ ಜೋಶಿಯವರಿಗೆ ಕಾರು ಅಂದರೆ ಪ್ರಾಣ. ಕಛೇರಿಯಿಂದ ಕಛೇರಿಗೆ ದೂರದೂರ ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಇವೆಲ್ಲ ಕೇಳೋಕೆ ಚೆನ್ನಾಗಿರುತ್ತವೆ, ಅಲ್ಲಿಗೆ ಮುಗಿಯುತ್ತವೆ. ಆದರೆ ಒಬ್ಬನ ಹವ್ಯಾಸ ಮಾತ್ರ ಸೌರಮಂಡಲದ ಗಾತ್ರವನ್ನೇ ದೊಡ್ಡದು ಮಾಡಿತು. ಅದೇ ಹವ್ಯಾಸ ಅದೇ ಮನೆಯ ಇನ್ನೊಂದು ದನಿಯನ್ನು ನಿಲ್ಲಿಸಿತು. ನಾನು ಹೇಳಹೊರಟಿದ್ದು ಆ ಮನೆಯ ಕಥೆ.

ವಿಲಿಯಂ ಹರ್ಷೆಲ್ ಹುಟ್ಟಿದ್ದು 1738ರಲ್ಲಿ, ಜರ್ಮನಿಯ ಹ್ಯಾನೋವರ್‌ನಲ್ಲಿ. ಅಪ್ಪ ಐಸಾಕ್ ಸೈನ್ಯದ ಬ್ಯಾಂಡಿನಲ್ಲಿ ಓಬೋ ಅನ್ನುವ ಊದುವಾದ್ಯ ನುಡಿಸುತ್ತಿದ್ದವನು. ಮಗನೂ ಹದಿನಾಲ್ಕರ ವಯಸ್ಸಿಗೇ ಅದೇ ಬ್ಯಾಂಡು ಸೇರಿದ. 1757ರ ಯುದ್ಧದಲ್ಲಿ ಫ್ರೆಂಚರ ಕೈಯಲ್ಲಿ ಹ್ಯಾನೋವರ್ ಸೋತ ಮೇಲೆ ಅಣ್ಣ ಯಾಕೋಬ್ ಜೊತೆ ಇಂಗ್ಲೆಂಡಿಗೆ ಹೋದ. ಕೈಯಲ್ಲಿ ಕಾಸಿಲ್ಲ. ಲಂಡನ್ನಿನಲ್ಲಿ ಬೇರೆಯವರ ಸಂಗೀತದ ಹಾಳೆಗಳನ್ನು ನಕಲು ಮಾಡಿ ಹೊಟ್ಟೆ ಹೊರೆದ. ಆಮೇಲೆ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಊರೂರು ಅಲೆದು ಪಾಠ ಹೇಳಿದ, ಕಛೇರಿ ನಡೆಸಿದ, ಇಪ್ಪತ್ತನಾಲ್ಕು ಸಿಂಫನಿ ಬರೆದ. ಕೊನೆಗೆ ನೆಲೆ ಸಿಕ್ಕಿದ್ದು ಬಾತ್ ಅನ್ನುವ ಊರಿನಲ್ಲಿ. ಬಿಸಿನೀರಿನ ಬುಗ್ಗೆಗಳ ಊರು, ಶ್ರೀಮಂತರು ಬಂದು ಮೀಯುವುದು, ಕುಣಿಯುವುದು, ಮದುವೆ ಮಾತುಕತೆ ನಡೆಸುವುದು ಅಲ್ಲೇ. ಸಂಗೀತಗಾರನಿಗೆ ಇದಕ್ಕಿಂತ ಒಳ್ಳೆ ಮಾರ್ಕೆಟ್ ಇನ್ನೊಂದಿಲ್ಲ. ಅಲ್ಲಿನ ಆಕ್ಟಗನ್ ಚಾಪೆಲ್‌ನಲ್ಲಿ ಆರ್ಗನ್ ನುಡಿಸುವ ಕೆಲಸ, ಮನೆತುಂಬ ಶಿಷ್ಯರು, ಸಂಜೆ ಕಛೇರಿ.

ಹ್ಯಾನೋವರ್‌ನಲ್ಲಿ ಅವನಿಗೊಬ್ಬಳು ತಂಗಿ. ಹೆಸರು ಕ್ಯಾರೊಲಿನ್, 1750ರಲ್ಲಿ ಹುಟ್ಟಿದವಳು. ಹತ್ತರ ಸುಮಾರಿಗೆ ಬಂದ ವಿಷಮಜ್ವರದಿಂದ ಬೆಳವಣಿಗೆ ನಿಂತುಹೋಗಿ, ನಾಲ್ಕೂಕಾಲು ಅಡಿಗಿಂತ ಎತ್ತರ ಬೆಳೆಯಲಿಲ್ಲ. ಇವಳಿಗೆ ಮದುವೆ ಆಗಲ್ಲ, ಮನೆಗೆಲಸಕ್ಕೆ ಇರಲಿ ಅಂತ ಅಮ್ಮನ ತೀರ್ಮಾನ. ಹೆಚ್ಚಿಗೆ ಓದಿಸಬೇಡಿ ಅಂತ ಬೇರೆ. ಈ ಮಾತನ್ನು ಎಲ್ಲೋ ಕೇಳಿದ ಹಾಗಿದೆ ಅಂತ ನಿಮಗೂ ಅನ್ನಿಸಿರಬೇಕು. ಅಣ್ಣ ಕಾಗದ ಬರೆದ: ತಂಗಿಯನ್ನು ಬಾತ್‌ಗೆ ಕಳಿಸಿ, ಹಾಡುವುದು ಕಲಿಸುತ್ತೇನೆ, ನನ್ನ ಕಛೇರಿಗಳಲ್ಲಿ ಹಾಡಲಿ. ಮನೆಯಲ್ಲಿ ಚರ್ಚೆ ಶುರುವಾಯಿತು. ಅದು ಮುಗಿಯುವವರೆಗೆ ಕ್ಯಾರೊಲಿನ್ ಸುಮ್ಮನೆ ಕೂರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಹಲ್ಲಿನ ನಡುವೆ ಅಡ್ಡ ಏನೋ ಕಚ್ಚಿಕೊಂಡು, ಪಿಟೀಲಿನಲ್ಲಿ ಬರುವ ಕಷ್ಟದ ಭಾಗಗಳನ್ನು ಗಂಟಲಿನಲ್ಲೇ ಸಾಧನೆ ಮಾಡಿದಳು. ಜೊತೆಗೆ, ತಾನು ಹೋದ ಮೇಲೆ ಮನೆಯವರಿಗೆ ತೊಂದರೆಯಾಗದಿರಲಿ ಅಂತ ಎರಡು ವರ್ಷಕ್ಕಾಗುವಷ್ಟು ಕಾಲುಚೀಲ ಹೆಣೆದಿಟ್ಟಳು. ಆ ಕಾಲುಚೀಲದ ವಿಷಯ ಓದಿದಾಗ ನನಗೆ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು ಅನ್ನಿಸಿತು. ಕೊನೆಗೆ ಅಣ್ಣನೇ ಬಂದು, ಮನೆಗೆಲಸಕ್ಕೆ ಆಳು ಇಟ್ಟುಕೊಳ್ಳಲು ಅಮ್ಮನಿಗೆ ವರ್ಷವರ್ಷ ಹಣ ಕೊಡುತ್ತೇನೆಂದು ಒಪ್ಪಿಸಿ, 1772ರ ಆಗಸ್ಟಿನಲ್ಲಿ ಅವಳನ್ನು ಕರೆದುಕೊಂಡು ಹೊರಟ. ಅವಳಿಗಾಗ ಇಪ್ಪತ್ತೆರಡು.

ಅಣ್ಣ ಮಾತಿಗೆ ತಪ್ಪಲಿಲ್ಲ. ಹಾಡು ಕಲಿಸಿದ. ಇಂಗ್ಲಿಷು, ಲೆಕ್ಕಪತ್ರವೂ ಕಲಿಸಿದ. ಆದರೆ ಅಷ್ಟೊತ್ತಿಗೆ ಅವನ ತಲೆಗೆ ಬೇರೊಂದು ಹುಳ ಹೊಕ್ಕಾಗಿತ್ತು. ಇದು ಸಂಗೀತದ ಬಾಗಿಲಿನಿಂದಲೇ ಬಂದ ಹುಳ. ಕೇಂಬ್ರಿಜ್‌ನ ರಾಬರ್ಟ್ ಸ್ಮಿತ್ ಅನ್ನುವವರು ಸ್ವರಗಳ ಗಣಿತದ ಬಗ್ಗೆ ಒಂದು ಪುಸ್ತಕ ಬರೆದಿದ್ದರು. ಅದನ್ನು ಓದಿದ ವಿಲಿಯಂ ಅದೇ ಲೇಖಕರ ಇನ್ನೊಂದು ಪುಸ್ತಕ ಹುಡುಕಿದ. ಅದು ಬೆಳಕಿನ ಬಗ್ಗೆ ಇತ್ತು. ಅದರಲ್ಲಿ ದೂರದರ್ಶಕ ಮಾಡುವ ವಿಧಾನವೂ ಇತ್ತು. ಮುಗೀತು. ರಾತ್ರಿ ಹತ್ತಕ್ಕೆ ಯಾವುದೋ ಸಣ್ಣ ಎರರ್ ಹುಡುಕಲು ಕೂತು ಬೆಳಗಿನ ಜಾವ ನಾಲ್ಕಕ್ಕೆ ಸಂಬಂಧವೇ ಇಲ್ಲದ ಯಾವುದೋ ವಿಷಯ ಓದುತ್ತಾ ಕೂತಿರುವವರಿಗೆ ಇದು ಅರ್ಥವಾಗುತ್ತದೆ.

ಅವನಿಗೆ ಬೇಕಾದಷ್ಟು ದೊಡ್ಡ ದೂರದರ್ಶಕ ಅಂಗಡಿಯಲ್ಲಿ ಅವನ ಜೇಬಿಗೆ ಎಟುಕುವ ಬೆಲೆಗೆ ಸಿಗುತ್ತಿರಲಿಲ್ಲ. ತಾನೇ ಮಾಡಿಕೊಳ್ಳಲು ಹೊರಟ. ಆಗಿನ ಕಾಲದಲ್ಲಿ ಅದಕ್ಕೆ ಗಾಜಿನ ಕನ್ನಡಿ ಅಲ್ಲ, ಲೋಹದ್ದು. ತಾಮ್ರಕ್ಕೆ ತವರ ಜಾಸ್ತಿ ಸೇರಿಸಿದ, ಬೆಳ್ಳಗಿನ, ಬಲು ಬಿರುಸಾದ ಒಂದು ಬಗೆಯ ಕಂಚು. ಎರಕ ಹೊಯ್ದು, ಉಜ್ಜಿ, ಬಟ್ಟಲಿನ ಹಾಗೆ ಸರಿಯಾದ ತಗ್ಗು ಬರುವವರೆಗೆ ತಿಂಗಳುಗಟ್ಟಲೆ ತೇಯಬೇಕು. ಕೊನೆಯ ಹೊಳಪು ಕೊಡುವಾಗ ಕೈ ಎತ್ತುವ ಹಾಗಿಲ್ಲ, ಎತ್ತಿದರೆ ಮೈ ಕೆಡುತ್ತದೆ. ಒಮ್ಮೆ ವಿಲಿಯಂ ಹದಿನಾರು ಗಂಟೆ ಕೈ ಎತ್ತದೆ ಉಜ್ಜಿದನಂತೆ. ಕ್ಯಾರೊಲಿನ್ ಪಕ್ಕದಲ್ಲಿ ನಿಂತು ಅವನ ಬಾಯಿಗೆ ತುತ್ತು ಇಟ್ಟಳು, ಬೇಜಾರಾಗದಿರಲಿ ಅಂತ ಡಾನ್ ಕ್ವಿಕ್ಸೋಟ್ ಕಥೆ, ಅರೇಬಿಯನ್ ನೈಟ್ಸ್ ಓದಿ ಹೇಳಿದಳು. ಮನೆಯ ಚೆಂದದ ಹಾಲ್‌ನಲ್ಲಿ ಬಡಗಿ ಕೊಳವೆ ಕೂಡಿಸುತ್ತಿದ್ದ. ಮಲಗುವ ಕೋಣೆಯಲ್ಲಿ ಇನ್ನೊಬ್ಬ ಅಣ್ಣ ಅಲೆಕ್ಸಾಂಡರ್ ಲೇತ್ ತಿರುಗಿಸುತ್ತಿದ್ದ. ಕಛೇರಿ ಮುಗಿಸಿ ಬಂದ ವಿಲಿಯಂ ಬಟ್ಟೆ ಬದಲಿಸುವಷ್ಟೂ ತಾಳ್ಮೆಯಿಲ್ಲದೆ ಕೆಲಸಕ್ಕೆ ಕೂರುತ್ತಿದ್ದ. ತೋಳಿನ ಲೇಸು ಹರಿಯುತ್ತಿತ್ತು, ಇಲ್ಲವೇ ರಾಳ ಮೆತ್ತಿಕೊಳ್ಳುತ್ತಿತ್ತು.

ಎರಕದ ಅಚ್ಚಿಗೆ ಬೇಕಾಗಿದ್ದು ಕುದುರೆ ಲದ್ದಿ ಸೇರಿಸಿದ ಮಣ್ಣು. ಆ ಲದ್ದಿಯನ್ನು ಕುಟ್ಟಿ, ಜರಡಿ ಹಿಡಿಯಬೇಕು, ಅದೂ ರಾಶಿಗಟ್ಟಲೆ. ಅದನ್ನು ಕುಟ್ಟಲು ಕೂತವರಲ್ಲಿ ಕ್ಯಾರೊಲಿನ್ನೂ ಒಬ್ಬಳು. ಸಗಣಿ ಬಾಚಿ ಬೆಳೆದ ನನಗೆ ಆ ಕೆಲಸದಲ್ಲಿ ಅವಮಾನ ಕಾಣುವುದಿಲ್ಲ. ಆದರೆ ಅವಳು ಕಡಲು ದಾಟಿ ಬಂದಿದ್ದು ಹಾಡಲಿಕ್ಕೆ ಅನ್ನುವುದು ಮರೆಯುವುದಿಲ್ಲ.

ಹಾಡಿದಳು ಕೂಡ. ಹ್ಯಾಂಡೆಲ್‌ನ ದೊಡ್ಡ ಕೃತಿಗಳಿಗೆ ಹತ್ತಿರ ಹತ್ತಿರ ನೂರು ಜನರ ಮೇಳಕ್ಕೆ ಬೇಕಾದ ಹಾಳೆಗಳನ್ನು ಕೈಯಲ್ಲೇ ನಕಲು ಮಾಡಿದಳು. 1778ರಲ್ಲಿ 'ಮೆಸ್ಸಾಯ'ದಲ್ಲಿ ಮುಖ್ಯ ಗಾಯಕಿಯಾಗಿ ನಿಂತಳು. ಕೇಳಿದವರು ಬರ್ಮಿಂಗ್‌ಹ್ಯಾಮ್‌ನ ಸಂಗೀತೋತ್ಸವಕ್ಕೆ ಬನ್ನಿ ಅಂತ ಕರೆದರು. ಅಣ್ಣ ನಡೆಸಿಕೊಡದ ಕಛೇರಿಯಲ್ಲಿ ಹಾಡಲ್ಲ ಅಂತ ಹೇಳಿಬಿಟ್ಟಳು. ಅವಳ ಸಂಗೀತ ಜೀವನದಲ್ಲಿ ಬಂದ ದೊಡ್ಡ ಕರೆ ಅದೊಂದೇ. ಅದು ನಿಷ್ಠೆಯೋ ಭಯವೋ, ಓದಿದಷ್ಟು ಸಲವೂ ನನಗೆ ಬೇರೆ ಬೇರೆ ಥರ ಕಾಣುತ್ತದೆ.

1781ರ ಮಾರ್ಚ್ 13, ರಾತ್ರಿ ಹತ್ತು ಹನ್ನೊಂದರ ನಡುವೆ. ಬಾತ್‌ನ ನ್ಯೂ ಕಿಂಗ್ ಸ್ಟ್ರೀಟಿನ 19ನೇ ನಂಬರ್ ಮನೆಯ ಹಿತ್ತಲು. ಏಳಡಿ ಉದ್ದದ ದೂರದರ್ಶಕ, ಆರಂಗುಲಕ್ಕಿಂತ ತುಸು ಅಗಲದ ಕನ್ನಡಿ. ವೃಷಭ, ಮಿಥುನ ರಾಶಿಗಳ ನಡುವೆ ಒಂದೊಂದೇ ನಕ್ಷತ್ರವನ್ನು ಸಾಲಾಗಿ ನೋಡುತ್ತಾ ಬರುತ್ತಿದ್ದಾಗ ಒಂದು ಮಾತ್ರ ಚುಕ್ಕಿಯಂತಿರಲಿಲ್ಲ, ಸಣ್ಣ ಬಿಲ್ಲೆಯಂತಿತ್ತು. ಆಗ ಹಾಕಿದ್ದ ಮಸೂರ 227 ಪಟ್ಟು ಹಿಗ್ಗಿಸುತ್ತಿತ್ತು. ಅದನ್ನು ತೆಗೆದು 460ರದ್ದು ಹಾಕಿದ, ಆಮೇಲೆ 932ರದ್ದು. ನಕ್ಷತ್ರವನ್ನು ಎಷ್ಟು ಹಿಗ್ಗಿಸಿದರೂ ಚುಕ್ಕಿಯೇ. ಇದು ಹಿಗ್ಗಿಸಿದಷ್ಟೂ ದೊಡ್ಡದಾಯಿತು. ನಾಲ್ಕು ದಿನ ಬಿಟ್ಟು ನೋಡಿದರೆ ಜಾಗ ಬದಲಿಸಿತ್ತು. ಧೂಮಕೇತು ಅಂದುಕೊಂಡ. ರಾಯಲ್ ಸೊಸೈಟಿಗೆ ಧೂಮಕೇತು ಅಂತಲೇ ವರದಿಯನ್ನೂ ಕಳಿಸಿದ. ಆಮೇಲೆ ಲೆಕ್ಸೆಲ್ ಮೊದಲಾದ ಗಣಿತಜ್ಞರು ಲೆಕ್ಕ ಹಾಕಿದಾಗ ಗೊತ್ತಾಯಿತು, ಅದು ಶನಿಗಿಂತ ಎಷ್ಟೋ ಆಚೆ ಸೂರ್ಯನನ್ನು ಸುತ್ತುವ ಗ್ರಹ. ನಾವೀಗ ಯುರೇನಸ್ ಅನ್ನುವುದು ಅದನ್ನೇ. ತಮಾಷೆ ಏನೆಂದರೆ 1690ರಲ್ಲೇ ಫ್ಲ್ಯಾಮ್‌ಸ್ಟೀಡ್ ಅದನ್ನು ನೋಡಿ ನಕ್ಷತ್ರ ಅಂತ ಪಟ್ಟಿಗೆ ಸೇರಿಸಿದ್ದ. ಡೇಟಾ ಇತ್ತು, ಬಿಲ್ಲೆಯನ್ನು ಬಿಲ್ಲೆಯಾಗಿ ತೋರಿಸುವ ಕನ್ನಡಿ ಇರಲಿಲ್ಲ.

(ಇಲ್ಲಿ ನಮ್ಮ ಕಡೆಯದೊಂದು ಕೊಂಡಿ ಇದೆ. 1977ರ ಮಾರ್ಚ್ 10ರಂದು ಇದೇ ಯುರೇನಸ್ ಒಂದು ನಕ್ಷತ್ರಕ್ಕೆ ಅಡ್ಡ ಬಂದಾಗ ಅದರ ಸುತ್ತಲಿನ ಉಂಗುರಗಳು ಗೊತ್ತಾದವಲ್ಲ, ಆ ಬೆಳಕಿನ ಏರಿಳಿತ ದಾಖಲಿಸಿದ ತಾಣಗಳಲ್ಲಿ ತಮಿಳುನಾಡಿನ ಕಾವಲೂರೂ ಒಂದು. ಅದನ್ನು ನಡೆಸುವ ಖಭೌತ ಸಂಸ್ಥೆ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ. ಅದರ ಮುಂದೆ ದಿನಾ ಟ್ರಾಫಿಕ್ಕಿನಲ್ಲಿ ನಿಂತು ಬೈದುಕೊಳ್ಳುವವರಲ್ಲಿ ನಾನೂ ಒಬ್ಬ.)

ಅದೇ ವರ್ಷ ಆಗಸ್ಟಿನಲ್ಲಿ ಮೂರಡಿ ಅಗಲದ ಕನ್ನಡಿ ಹೊಯ್ಯಲು ಹೋದರು. ಮನೆಯ ನೆಲಮಾಳಿಗೆಯಲ್ಲೇ ಕುಲುಮೆ. ಕರಗಿದ ಲೋಹ ಸೋರಿ ಹಾಸುಗಲ್ಲಿನ ಮೇಲೆ ಹರಿಯಿತು. ಕಲ್ಲುಗಳು ಸಿಡಿದು ಸೂರಿನವರೆಗೂ ಹಾರಿದವು. ಎಲ್ಲರೂ ಎದ್ದೆನೋ ಬಿದ್ದೆನೋ ಅಂತ ಹೊರಗೆ ಓಡಿದರು. ಆ ಮನೆ ಈಗ ಮ್ಯೂಸಿಯಂ. ಒಡೆದ ಹಾಸುಗಲ್ಲುಗಳು ಇವತ್ತಿಗೂ ಅಲ್ಲೇ ಇವೆ.

1782ರಲ್ಲಿ ದೊರೆ ಮೂರನೇ ಜಾರ್ಜ್ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿದ. ಸಂಗೀತದಲ್ಲಿ ಅವನು ಅದಕ್ಕಿಂತ ಚೆನ್ನಾಗಿ ದುಡಿಯುತ್ತಿದ್ದ. ಆದರೂ ಆರ್ಗನ್ ಬಿಟ್ಟು ವಿಂಡ್ಸರ್ ಅರಮನೆಗೆ ಹತ್ತಿರದ ಡ್ಯಾಚೆಟ್ ಹಳ್ಳಿಗೆ ಹೊರಟ. ಹವ್ಯಾಸವೇ ಕಸುಬಾಯಿತು. ನಾವು ಇಂಥ ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ಹೊಡೆಯುತ್ತೇವೆ. ಆದರೆ ಅವತ್ತು ಆ ಮನೆಯಿಂದ ಇಬ್ಬರು ಸಂಗೀತಗಾರರು ಕೆಲಸ ಬಿಟ್ಟರು. ಒಬ್ಬ ತನಗೆ ಬೇಕಾಗಿದ್ದಕ್ಕೆ ಬಿಟ್ಟ. ಇನ್ನೊಬ್ಬಳನ್ನು ಯಾರೂ ಕೇಳಲಿಲ್ಲ. ಅವಳಿಗೆ ಮೂವತ್ತೆರಡು ವರ್ಷ, ದನಿ ಈಗಷ್ಟೇ ಮಾಗಿದ್ದ ಕಾಲ.

ಡ್ಯಾಚೆಟ್‌ನಲ್ಲಿ ಅವಳ ಕೆಲಸ ಹೀಗೆ. ಅಣ್ಣ ಹೊರಗೆ ಏಣಿಯ ಮೇಲೆ ಕಣ್ಣಿಟ್ಟು ಕಂಡದ್ದನ್ನು ಕೂಗಿ ಹೇಳುತ್ತಾನೆ. ತಂಗಿ ಗಡಿಯಾರ, ಮೇಣದಬತ್ತಿ ಇಟ್ಟುಕೊಂಡು ಬರೆದುಕೊಳ್ಳುತ್ತಾಳೆ. ಹಗಲು ಅದನ್ನೆಲ್ಲ ಲೆಕ್ಕ ಹಾಕಿ ಶುದ್ಧಪ್ರತಿ ಮಾಡುತ್ತಾಳೆ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಆನ್‌ಕಾಲ್ ಅವಳದು, ಡಾಕ್ಯುಮೆಂಟೇಶನ್ನೂ ಅವಳದೇ. 1783ರ ಡಿಸೆಂಬರ್ 31ರ ರಾತ್ರಿ, ಹಿಮದ ಮೇಲೆ, ಬೇಗ ಬಾ ಅಂತ ಅಣ್ಣ ಕೂಗಿದ್ದಕ್ಕೆ ಕತ್ತಲಲ್ಲಿ ಓಡಿದವಳು ಜಾರಿ ಬಿದ್ದಳು. ದೂರದರ್ಶಕದ ಕಟ್ಟೆಯ ಕಬ್ಬಿಣದ ಕೊಕ್ಕೆ ಮಂಡಿಯ ಮೇಲೆ ತೊಡೆಗೆ ನಾಟಿಕೊಂಡಿತು. ಎತ್ತಿ ಬಿಡಿಸುವಾಗ ಮಾಂಸ ಕಿತ್ತು ಬಂತು. ಇದನ್ನು ಬರೆದಿಟ್ಟ ಅವಳೇ, ಆ ರಾತ್ರಿ ಆಮೇಲೆ ಮೋಡ ಕವಿದಿದ್ದರಿಂದ ಅಣ್ಣನಿಗೆ ಏನೂ ನಷ್ಟವಾಗಲಿಲ್ಲ ಅಂತ ಸಮಾಧಾನ ಪಟ್ಟುಕೊಂಡಿದ್ದಾಳೆ.

ಅವಳನ್ನು ಬರೀ ಸಂತ್ರಸ್ತೆ ಮಾಡಿದರೆ ಅದೂ ಅನ್ಯಾಯ. ಅಣ್ಣ ಊರಲ್ಲಿಲ್ಲದಾಗ ತನ್ನ ಸಣ್ಣ ದೂರದರ್ಶಕದಲ್ಲಿ ಆಕಾಶ ಗುಡಿಸುತ್ತಿದ್ದಳು. 1786ರ ಆಗಸ್ಟ್ 1ರಂದು ಒಂದು ಧೂಮಕೇತು ಕಂಡುಹಿಡಿದಳು. 1797ರ ಹೊತ್ತಿಗೆ ಒಟ್ಟು ಎಂಟು. 1787ರಿಂದ ದೊರೆಯ ಖಜಾನೆಯಿಂದ ವರ್ಷಕ್ಕೆ 50 ಪೌಂಡ್ ಸಂಬಳ. ಇಂಗ್ಲೆಂಡಿನಲ್ಲಿ ವಿಜ್ಞಾನದ ಕೆಲಸಕ್ಕೆ ಸಂಬಳ ಪಡೆದ ಮೊದಲ ಹೆಣ್ಣು ಅವಳೇ. 1788ರಲ್ಲಿ ವಿಲಿಯಂ ಮದುವೆಯಾದ. ಮನೆಯ ಯಜಮಾನಿಕೆ ಅತ್ತಿಗೆಯದಾಯಿತು, ಅವಳು ಬೇರೆ ಬಾಡಿಗೆ ಕೋಣೆಗೆ ಹೋದಳು. ಅಲ್ಲಿಂದ ಹತ್ತು ವರ್ಷ ಬರೆದ ದಿನಚರಿಯನ್ನು ಮುಂದೊಂದು ದಿನ ತಾನೇ ನಾಶ ಮಾಡಿದಳು. ಮಿಕ್ಕಿದ್ದನ್ನೆಲ್ಲ ಇಷ್ಟು ಜೋಪಾನವಾಗಿ ಬರೆದಿಟ್ಟ ಹೆಂಗಸು ಅದನ್ನು ಮಾತ್ರ ಉಳಿಸಲಿಲ್ಲ. 1822ರಲ್ಲಿ ಅಣ್ಣ ತೀರಿಕೊಂಡ ಮೇಲೆ ಹ್ಯಾನೋವರ್‌ಗೆ ವಾಪಸ್ಸಾದಳು. 1828ರಲ್ಲಿ ಖಗೋಳ ಸಂಘದ ಚಿನ್ನದ ಪದಕ ಬಂತು. 1848ರಲ್ಲಿ, ತೊಂಬತ್ತೇಳರ ವಯಸ್ಸಿನಲ್ಲಿ ತೀರಿಕೊಂಡಳು.

ಇದನ್ನು ಬರೆಯುವ ಮೊದಲು ಊರಿಗೆ ಹೋಗಿದ್ದೆ. ದೊಡ್ಡಪ್ಪ ಹೋಗಿ ಆರು ವರ್ಷ. ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿ ಅಟ್ಟದಲ್ಲಿಟ್ಟಿದ್ದಾರೆ. ದೊಡ್ಡಮ್ಮ ಅವರೆಕಾಯಿ ಬಿಡಿಸುತ್ತಾ ಈ ಕಥೆಯೆಲ್ಲ ಕೇಳಿಸಿಕೊಂಡರು. ಕೊಕ್ಕೆ ನಾಟಿದ್ದು ಹೇಳಿದಾಗ ಮಾತ್ರ 'ಅಯ್ಯೋ ಶಿವನೇ' ಅಂದರು. ಗ್ರಹ, ಉಂಗುರ ಯಾವುದೂ ಅವರಿಗೆ ಮುಖ್ಯ ಅನ್ನಿಸಿದ ಹಾಗೆ ಕಾಣಲಿಲ್ಲ.

'ಅಲ್ಲ ಕಣಪ್ಪ, ಆಯಮ್ಮ ಆಮೇಲೆ ಹಾಡಿದ್ಲಾ?'

'ಇಲ್ಲ ದೊಡ್ಡಮ್ಮ. ಸಭೆಯಲ್ಲಿ ಹಾಡಲಿಲ್ಲ.'

ಸ್ವಲ್ಪ ಹೊತ್ತು ಕಾಯಿ ಬಿಡಿಸಿದರು. 'ದ್ರೌಪದಿ ಪದಗಳು ಎಲ್ಲ ಬತ್ತವೆ ನಂಗೆ' ಅಂದರು. 'ನಿಮ್ ದೊಡ್ಡಪ್ಪ ಹೇಳಿಕೊಡ್ತಿದ್ದಾಗ ಒಳಗಿಂದ ಕೇಳಿ ಕಲ್ತಿದ್ದು.'

ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಒಂದು ಹೇಳಿ ಅಂದೆ. ಈಗ ಬೇಡ, ಸಾರಿಗೆ ಹೊತ್ತಾಯ್ತು ಅಂತ ಮೊರ ಎತ್ತಿಕೊಂಡು ಒಳಗೆ ಹೋದರು.